ಕಲ್ಲಿನ ಸಾಕ್ಷ್ಯವನ್ನು ಕಾಯ್ದುಕೊಳ್ಳೋಣ

ಚನ್ನಗಿರಿ ತಾಲ್ಲೂಕಿನ ನಮ್ಮ ನಲ್ಲೂರಿನ ಹೊಲದ ಬದುವೊಂದರ ಮೇಲೆ ಒಟ್ಟಿದ್ದ ಕಲ್ಲುಗಳನ್ನು ತೋರಿಸಿ, "ಸಾರ್, ಇವುಗಳಲ್ಲಿ ಪುರಾತನ ಪ್ರಾಣಿಗಳ ಗುರುತೇನಾದರೂ ಸಿಕ್ಕೀತೇ?" ಎಂದು ವಿದ್ಯಾರ್ಥಿಯೊಬ್ಬನು ಈಚೆಗೆ ನಮ್ಮನ್ನು ಕೇಳಿದನು. ಗ್ರೀನ್‌ಲೆಂಡಿನ ಪಳೆಯುಳಿಕೆಗಳ ಚಿತ್ರಗಳನ್ನು ಅವನು ಪುಸ್ತಕವೊಂದರಲ್ಲಿ ಕಂಡಿದ್ದನು. ನಾವು ಬೋಧಿಸುವುದು ಭೌತವಿಜ್ಞಾನ. ಆದರೂ ಉತ್ತರ ಹೇಳುವುದು ನಮ್ಮ ಕರ್ತವ್ಯವೆಂದೇ ತೋರಿತು. ಕಲ್ಲಿನ ವಯಸ್ಸನ್ನೆಣಿಸುವ ಗಡಿಯಾರವು ಭೌತವಿಜ್ಞಾನದ್ದೇ ಅಲ್ಲವೆ?

ಮೊದಲು ಆ ಚಿತ್ರಗಳ ವಿಚಾರ. ಗ್ರೀನ್‌ಲೆಂಡ್ ದ್ವೀಪದ ಉತ್ತರದಂಚಿನ ಪಿಯರಿ ಲ್ಯಾಂಡಿನಲ್ಲಿ, ಸಿರಿಯಸ್ ಪ್ಯಾಸೆಟ್ ಎಂಬ ನೆಲೆಯನ್ನು ಭೂವಿಜ್ಞಾನಿಗಳು 1984ರಲ್ಲಿ ಕಂಡುಹಿಡಿದರು. ಅಲ್ಲಿಯ ಕೆಸರುಗಲ್ಲು ಸುಮಾರು 51.8 ಕೋಟಿ ವರ್ಷಗಳ ಹಿಂದಿನದು. ಎಂದರೆ, ಕೇಂಬ್ರಿಯನ್ ಯುಗದ ಪೂರ್ವಭಾಗದ್ದು. ನುಣ್ಣನೆಯ ಕೆಸರಿನಲ್ಲಿ ಹುದುಗಿದುದರಿಂದ ಮೃದುದೇಹದ ಪ್ರಾಣಿಗಳ ಆಕಾರವೂ ಅಲ್ಲಿ ಉಳಿದುಬಂದಿದೆ. ಹಾಲ್ಕೀರಿಯ ಎಂಬ ಜೀವಿಯ ಬಿಡಿ ಹುರುಪೆಗಳು ಮೊದಲೇ ತಿಳಿದಿದ್ದರೂ ಅದರ ರೂಪವೆಂತಹುದೆಂದು ಯಾರೂ ಅರಿಯರು. ಇದೇ ನೆಲೆಯಲ್ಲಿ ದೊರೆತ ಇಡೀ ದೇಹವನ್ನು 1990ರಲ್ಲಿ ವರ್ಣಿಸಿದಾಗ, ಗೊಂಡೆಹುಳುವಿನಂತಹ ಮೈ, ಮೈತುಂಬ ಹುರುಪೆ, ಮುಂದೊಂದು ಹಿಂದೊಂದು ಚಿಪ್ಪು ಇದ್ದ ಪ್ರಾಣಿ ಅದೆಂದು ಗೊತ್ತಾಯಿತು.

ನಮ್ಮ ನಾಡಿನ ಕಲ್ಲಿನಲ್ಲಿ ಇಂತಹವು ಏಕಿಲ್ಲ? ಕೇಂಬ್ರಿಯನ್ ಪ್ರಾಣಿಗಳ ಅವಶೇಷಗಳು ನಮ್ಮ ದೇಶದ ಸ್ಪಿತಿ ಕಣಿವೆಯಲ್ಲಿಯೂ ಕಾಶ್ಮೀರದಲ್ಲಿಯೂ ಉಂಟು. ಆದರೆ ನಮ್ಮ ಪಶ್ಚಿಮಕ್ಕಿರುವ ಶಿವಮೊಗ್ಗದ ಮತ್ತು ಪೂರ್ವಕ್ಕಿರುವ ಚಿತ್ರದುರ್ಗದ ಪದರಶಿಲೆಗಳ ಪಟ್ಟಿಗಳು ಸ್ಥೂಲವಾಗಿ 290ರಿಂದ 260 ಕೋಟಿ ವರ್ಷಗಳ ಹಿಂದೆ ರೂಪುಗೊಂಡವು. ಯುರೇನಿಯಮ್–238 ಧಾತುವಿನ ಒಂದು ರಾಶಿಯಲ್ಲಿ ಅರ್ಧದಷ್ಟು ಕ್ಷಯಿಸಲು ಸುಮಾರು 447 ಕೋಟಿ ವರ್ಷ ಬೇಕು. ಶಿಲೆಗಳಲ್ಲಿರುವ ಜಿರ್ಕಾನ್ ಹರಳುಗಳಲ್ಲಿ ಯುರೇನಿಯಮ್ ಎಷ್ಟುಳಿದಿದೆ, ಸೀಸ ಎಷ್ಟಾಗಿದೆ ಎಂದು ಅಳೆದು ಇಂತಹ ವಯಸ್ಸನ್ನು ಗಣಿಸುತ್ತಾರೆ. ಪ್ರಾಣಿಗಳೇ ಇನ್ನೂ ಹುಟ್ಟಿರದ ಕಾಲದ ಕಲ್ಲಿನಲ್ಲಿ ಪ್ರಾಣಿಯನ್ನು ಹುಡುಕಿ ಫಲವೇನು?

ಹಾಗೆಂದು ನಮ್ಮ ಕಲ್ಲು ಮೂಕವಲ್ಲ. ಚಿತ್ರದುರ್ಗ ಪಟ್ಟಿಯ ಸುಣ್ಣಕಲ್ಲಿನಲ್ಲಿ ಸ್ಟ್ರೊಮ್ಯಾಟೊಲೈಟ್ ಎಂಬ ರಚನೆಗಳಿರುವುದನ್ನು ವಿಜ್ಞಾನಿಗಳು 1980ರ ದಶಕದಲ್ಲಿ ವರ್ಣಿಸಿದರು. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಚಾಪೆಯಂತೆ ಹಬ್ಬುವುವು. ಅವುಗಳ ಅಂಟಿಗೆ ಸಣ್ಣ ಕಣಗಳು ಸಿಕ್ಕಿಕೊಳ್ಳುವುವು, ಸುಣ್ಣವೂ ಗಟ್ಟಿಗೊಳ್ಳುವುದು. ಬೆಳಕನ್ನರಸಿ ಜೀವಿಗಳು ಅದರ ಮೇಲೆ ಮತ್ತೊಂದು ಪದರವನ್ನು ಹರಡುವುವು. ಹೀಗೆ ಪದರದ ಮೇಲೆ ಪದರ ಸೇರಿ ಗುಮ್ಮಟದಾಕಾರವಾಗುವುದು. ಆಸ್ಟ್ರೇಲಿಯದ ಶಾರ್ಕ್ ಕೊಲ್ಲಿಯಲ್ಲಿ ಇಂದಿಗೂ ಇವು ಬೆಳೆಯುತ್ತಿವೆ. ಹಕ್ಕಿ ಹಾರಿಹೋದರೂ ಗೂಡು ಉಳಿದಂತೆ, ಜೀವಿ ಅಳಿದರೂ ಅದರ ಕಟ್ಟಡ ಉಳಿದಿದೆ. ಗ್ರೀನ್‌ಲೆಂಡಿನ ಆ ಪ್ರಾಣಿಗಳಿಗಿಂತ ಇದು ಐದು ಪಟ್ಟು ಹಳೆಯದು!

ಆದರೆ ಪದರವುಳ್ಳ ಗುಮ್ಮಟವೆಲ್ಲವೂ ಜೀವದ ಕೃತಿಯಲ್ಲ. ಅದೇ ಗ್ರೀನ್‌ಲೆಂಡಿನ ನೈಋತ್ಯದ ಇಸುವಾ ಎಂಬಲ್ಲಿ 370 ಕೋಟಿ ವರ್ಷಗಳ ಸ್ಟ್ರೊಮ್ಯಾಟೊಲೈಟ್ ದೊರೆತಿದೆಯೆಂದು 2016ರಲ್ಲಿ ಕೆಲವರು ಸಾರಿದರು. ಬೇರೆ ವಿಜ್ಞಾನಿಗಳು ಅಲ್ಲಿಗೇ ಹೋಗಿ ಪರೀಕ್ಷಿಸಿ, ಆ ಆಕಾರಗಳು ಭೂಮಿಯ ಒತ್ತಡದಿಂದ ಶಿಲೆ ಮಡಿಚಿದ ಫಲವೆಂದು 2018ರಲ್ಲಿ ವಾದಿಸಿದರು. ಯಾರ ಮಾತು ನಿಜವೇ ಆಗಲಿ, ಬಂಡೆಯು ಇದ್ದೆಡೆಯಲ್ಲಿಯೇ ಇದ್ದುದರಿಂದಲ್ಲವೆ ಮರುಪರೀಕ್ಷೆ ಸಾಧ್ಯವಾದುದು? ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ ಅವರು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಧಾರವಾಡ ಶಿಲೆಗಳ ಬಹುಭಾಗವು ಅಗ್ನಿಜನ್ಯವೆಂದೇ ಎಣಿಸಿದ್ದರು. ಅವುಗಳಲ್ಲಿ ನೀರಿನಡಿ ಸಂಚಯಿಸಿದವೂ ಸಾಕಷ್ಟಿವೆಯೆಂದು ಮುಂದಿನವರು ತಿದ್ದಿದುದೂ ಅದೇ ಬಂಡೆಗಳನ್ನು ಮತ್ತೆ ನೋಡಿಯೇ.

ಆದ್ದರಿಂದ ನಮ್ಮ ಅಭಿಪ್ರಾಯವಿದು: ಸುಣ್ಣಕಲ್ಲು ಸಿಮೆಂಟಿಗೆ ಬೇಕು, ಕಬ್ಬಿಣದ ಕುಲುಮೆಗೆ ಬೇಕು, ರಸ್ತೆಗೆ ಜಲ್ಲಿಯೂ ಬೇಕು. ಇದರಿಂದ ಹಲವರ ಜೀವನ ಸಾಗುತ್ತದೆ. ಅದನ್ನು ನಿಲ್ಲಿಸಿರೆನ್ನುವುದು ವಿವೇಕವಲ್ಲ. ಆದರೆ ಇಂತಹ ಕಡೆ ಕಲ್ಲು ಒಡೆಯುವ ಮೊದಲು ಭೂವಿಜ್ಞಾನ ಬಲ್ಲವರೊಬ್ಬರು ನೋಡಲಿ. ಸಾಕ್ಷ್ಯವಿರುವ ಒಂದು ಮುಖವನ್ನಾದರೂ ಒಡೆಯದೆ ಬಿಡಲಿ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾಶಿಲೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿರುವುದು ಒಳ್ಳೆಯ ಮೇಲ್ಪಂಕ್ತಿ. ಇಂತಹ ನೆಲೆಗಳ ರಕ್ಷಣೆಗಾಗಿ ಕೇಂದ್ರ ಗಣಿ ಸಚಿವಾಲಯವು 2022ರಲ್ಲಿ ಮಸೂದೆಯ ಕರಡೊಂದನ್ನು ಪ್ರಕಟಿಸಿತು. ಆದರೆ ಕಾನೂನೊಂದೇ ಸಾಲದು. ಊರಿನವರಿಗೆ ತಮ್ಮ ಕಲ್ಲಿನ ಬೆಲೆ ತಿಳಿದಿರಬೇಕು. ಉಪಾಧ್ಯಾಯರು ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಬಂಡೆಯ ಬಳಿಗೆ ಕರೆದೊಯ್ಯಲಿ. ಸುತ್ತಿಗೆ ಬೇಡ, ಕಣ್ಣು ಸಾಕು.

ನಮ್ಮ ವಿದ್ಯಾರ್ಥಿಗೆ ನಾವು ಹೇಳಿದುದೂ ಇಷ್ಟೇ: "ಪ್ರಾಣಿ ಸಿಕ್ಕದಪ್ಪಾ, ಆದರೆ ಪ್ರಾಣಿಗಳಿಗಿಂತ ಮೊದಲು ಬಾಳಿದವರ ಮನೆ ನಮ್ಮ ನೆರೆಯಲ್ಲೇ ಇದೆ." ಆ ಮನೆಯನ್ನು ಅವನ ಮಕ್ಕಳೂ ಕಾಣುವಂತಾಗಲಿ.