ಚಿಲ್ಲರೆಯ ಜಗಳವೂ ತೆರಿಗೆಯ ಭಯವೂ

ಹರಿಹರದ ನೆರೆಯ ಗುತ್ತೂರಿನಲ್ಲಿ ಸಂಜೆಯ ಹೊತ್ತು ಮಂಡಕ್ಕಿ-ಮಿರ್ಚಿ ಕೊಳ್ಳಲು ನಿಂತವನು, ಚಿಲ್ಲರೆಗೆ ಬದಲಾಗಿ ಚಾಕಲೇಟನ್ನು ಸ್ವೀಕರಿಸಬೇಕಾಗಿದ್ದ ಕಾಲವನ್ನು ಯುಪಿಐ ಬಹುಮಟ್ಟಿಗೆ ಕೊನೆಗಾಣಿಸಿತೆಂಬುದನ್ನು ಒಪ್ಪದೆ ಗತ್ಯಂತರವಿಲ್ಲ. ಬಂದ ಹಣವನ್ನು ಕನ್ನಡದಲ್ಲಿಯೇ ಉಚ್ಚರಿಸುವ ಪುಟ್ಟ ಪೆಟ್ಟಿಗೆಯಂತೂ ಅಕ್ಷರವರಿಯದ ವ್ಯಾಪಾರಿಗೂ ಧೈರ್ಯವನ್ನಿತ್ತಿದೆ.

ಆದರೆ ನೋಟು ಕೈಬದಲಾದೊಡನೆ ತನ್ನ ಪೂರ್ವಚರಿತ್ರೆಯನ್ನು ಮರೆಯುತ್ತದೆ. ಮೊಬೈಲಿನ ಪಾವತಿ ಮರೆಯುವುದಿಲ್ಲ. 2025ರ ಜುಲೈ ಮಾಸದಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳನ್ನಾಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸುಗಳನ್ನಿತ್ತಾಗ, ನಮಗೆ ದೂರವಲ್ಲದ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ, ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲದಿದ್ದರೂ, ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ವಹಿವಾಟಿಗೆ 29 ಲಕ್ಷ ರೂಪಾಯಿಯ ತೆರಿಗೆ ಬೇಡಿಕೆ ಬಂದಿತು. ಬೆಂಗಳೂರಿನ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಫಲಕಗಳು ಕಾಣಿಸಿಕೊಂಡವು. ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಭಯವಿತ್ತ ಮೇಲೆ ಕ್ಷೋಭೆ ಶಮನವಾಯಿತು.

ಸರಕಿನ ವ್ಯಾಪಾರದಲ್ಲಿ ವರ್ಷಕ್ಕೆ 40 ಲಕ್ಷದ, ಸೇವೆಯಲ್ಲಿ 20 ಲಕ್ಷದ ಮಿತಿಯನ್ನು ದಾಟಿದವನು ನೋಂದಣಿ ಮಾಡಿಸತಕ್ಕದ್ದು ನ್ಯಾಯವೇ. ಭಾವಮೈದುನ ಕಳುಹಿಸಿದ ಕೈಸಾಲವನ್ನೂ ಅಂಗಡಿಯ ಮಾರಾಟವನ್ನೂ ಒಂದೇ ರಾಶಿಗೆ ಹಾಕಿ ಲೆಕ್ಕವಿಡುವುದು ಮಾತ್ರ ನ್ಯಾಯವಲ್ಲ. ದೋಷ ಯಂತ್ರದ್ದಲ್ಲ, ಅದರ ಅಂಕಿಗಳನ್ನು ವಿಚಾರಿಸದೆ ಓದುವ ದೃಷ್ಟಿಯದು. ವ್ಯಾಪಾರಕ್ಕೆಂದೇ ಪ್ರತ್ಯೇಕ ಖಾತೆ ತೆರೆಯುವ ತಿಳಿವಳಿಕೆಯನ್ನು ಇಲಾಖೆಯವರು ಸಂತೆಗೇ ಬಂದು ಸರಳಗನ್ನಡದಲ್ಲಿ ನೀಡಲಿ. ಅಲ್ಲಿಯವರೆಗೆ ಅಂಗಡಿಯವನು ನಗದನ್ನೇ ಕೇಳಿದರೆ ಅವನನ್ನು ತೆರಿಗೆಗಳ್ಳನೆಂದು ಶಂಕಿಸದೆ, ಗಿರಾಕಿಗಳಾದ ನಾವು ಜೇಬಿನಲ್ಲಿ ಹತ್ತಿಪ್ಪತ್ತರ ನೋಟುಗಳನ್ನಿಟ್ಟುಕೊಂಡು ಹೋಗೋಣ.