ಬೆರಗಾಗುವ ಕಣ್ಣೂ ಕಲಿಯುವ ಕೈಯೂ

ವಿಡಿಯೋ ಗೇಮ್ ಎಂಬ ಹೆಸರನ್ನು ಕೇಳಿದೊಡನೆಯೇ ನಮ್ಮಲ್ಲಿ ಅನೇಕ ಪೋಷಕರ ಹುಬ್ಬು ಗಂಟಿಕ್ಕುವುದುಂಟು. ಆ ಆಟಗಳಿಂದ ಕಣ್ಣು ಕೆಡುವುದು, ಕಾಲವು ವ್ಯರ್ಥವಾಗುವುದು, ಹೆಣ್ಣುಮಕ್ಕಳಿಗಂತೂ ಅದು ತಕ್ಕುದಲ್ಲ ಎಂಬ ಮಾತುಗಳನ್ನು ಪೋಷಕರ ಸಭೆಗಳಲ್ಲಿ ನಾನು ಬಹಳ ಸಾರಿ ಕೇಳಿದ್ದೇನೆ. ಇವುಗಳಲ್ಲಿ ಸತ್ಯವೇ ಇಲ್ಲವೆಂದು ಹೇಳಲಾರೆ. ಆದರೆ ಆ ಆಟಗಳಲ್ಲಿನ ಚಿತ್ರಗಳನ್ನು ಕಂಡು ಬಾಲಿಕೆಯೊಬ್ಬಳು ಬೆರಗಾಗುವುದುಂಟಲ್ಲ, ಆ ಬೆರಗನ್ನೂ ಆಟದ ಚಟವನ್ನೂ ಒಂದೇ ಎಂದೆಣಿಸಿ ಎರಡನ್ನೂ ಒಟ್ಟಿಗೆ ಗದರಿಸಿ ಅಟ್ಟುವುದು ಉಚಿತವಲ್ಲವೆಂಬುದು ನನ್ನ ಅಭಿಪ್ರಾಯವು. ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಮಾನ್ಯ ಪೋಷಕರ ಮುಂದೆಯೂ ಈ ವಿಷಯವನ್ನು ಇಲ್ಲಿ ವಿಜ್ಞಾಪಿಸಿಕೊಳ್ಳುತ್ತೇನೆ.

ಬೆರಗೆಂಬುದು ನಮ್ಮ ಸೀಮೆಗೆ ಹೊಸದಲ್ಲ. ಈ ಬ್ಲಫ್‌ನ ಕಡಿದಾದ ಅಂಚಿನಿಂದ ಕಾವೇರಿಯ ನೀರನ್ನು ಕೊಳವೆಗಳಲ್ಲಿ ಇಳಿಸಿ, ಅದರ ಬಲದಿಂದ ಯಂತ್ರಗಳನ್ನು ತಿರುಗಿಸಿ, ೧೯೦೨ರಲ್ಲಿ ಸುಮಾರು ೧೪೭ ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದರು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಇಲ್ಲಿಯ ವಿದ್ಯುತ್ತಿನಿಂದಲೇ ದೀಪಗಳು ಹೊತ್ತಿದವು. ಎಣ್ಣೆ ಬತ್ತಿಗಳಿಲ್ಲದೆ ಉರಿಯುವ ದೀಪವನ್ನು ಕಂಡ ಜನರು ಅದೆಷ್ಟು ಬೆರಗಾಗಿರಬೇಕು! ಆದರೆ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಮುಂದಾಗಿ ನಡೆಸಿದ ಆ ಕಾರ್ಯವು ಬರಿಯ ಬೆರಗಿನಿಂದ ಆದುದಲ್ಲ. ಧುಮುಕುವ ನೀರನ್ನು ನೋಡಿ ಬೆರಗಾದವರು ತಲೆತಲಾಂತರಗಳಿಂದ ಇದ್ದರು. ಅದರ ಬಲವೆಷ್ಟು, ಅದನ್ನು ಬಳಸುವ ಬಗೆ ಹೇಗೆ ಎಂದು ಕೇಳಿ, ಅಳೆದು, ಲೆಕ್ಕ ಹಾಕಿದವರಿಂದ ಅದು ಆಯಿತು. ಬೆರಗು ಪ್ರಶ್ನೆಯಾದಲ್ಲಿ ವಿದ್ಯೆಯು ಮೊದಲಾಗುತ್ತದೆ. ಬೆರಗಿನಲ್ಲಿಯೇ ನಿಂತರೆ ಅಲ್ಲಿಗೇ ಮುಗಿಯುತ್ತದೆ.

ಬೆಳಕಿನಿಂದ ಚಿತ್ರವನ್ನು ಆಡಿಸುವ ವಿದ್ಯೆಯೂ ನಮ್ಮವರು ಅರಿಯದುದಲ್ಲ. ತೆಳ್ಳಗೆ ಹದಮಾಡಿದ ತೊಗಲಿಗೆ ಬಣ್ಣವಿಟ್ಟು, ಒಡವೆಗಳು ಮಿನುಗುವಂತೆ ಸಣ್ಣ ಸಣ್ಣ ತೂತುಗಳನ್ನು ಕೊರೆದು, ಬಿಳಿಯ ಪರದೆಯ ಹಿಂದೆ ದೀಪವಿಟ್ಟು, ರಾತ್ರಿಯೆಲ್ಲ ರಾಮಾಯಣವನ್ನು ಆಡಿಸುತ್ತಿದ್ದ ತೊಗಲುಗೊಂಬೆಯವರನ್ನು ನಮ್ಮ ಹಿರಿಯರು ಬಲ್ಲರು. ಇಂದಿನ ಮೊಬೈಲಿನ ಗಾಜು ಆ ಪರದೆಯ ಮೊಮ್ಮಗಳೆಂದರೆ ತಪ್ಪಾಗಲಾರದು.

ನನ್ನ ಕಣ್ಣಿಗೂ ಅಂಥ ಬೆರಗು ಆದದ್ದುಂಟು. ನಾನು ಚಿಕ್ಕವಳಾಗಿದ್ದಾಗ ನೆರೆಮನೆಯ ಟಿ.ವಿ.ಗೆ ಒಂದು ಪೆಟ್ಟಿಗೆಯನ್ನು ಜೋಡಿಸಿ, ಅದಕ್ಕೆ ಕ್ಯಾಸೆಟ್ ತುರುಕಿ ಆಡುತ್ತಿದ್ದರು. ಜಪಾನಿನವರು ೧೯೮೫ರಲ್ಲಿ ಹೊರತಂದ ಸೂಪರ್ ಮಾರಿಯೋ ಬ್ರದರ್ಸ್ ಎಂಬ ಆಟವದು. ನೀಲಿಯ ಆಕಾಶ, ಬಿಳಿಯ ಮೋಡ, ಹಸುರು ಪೊದೆ, ನಡುವೆ ನೆಗೆಯುವ ಮೀಸೆಯ ಗಿಡ್ಡ ಮನುಷ್ಯ! ಬಹಳ ವರ್ಷಗಳ ತರುವಾಯ ನನಗೆ ತಿಳಿದುಬಂದುದೇನೆಂದರೆ, ಆ ಮೋಡವೂ ಆ ಪೊದೆಯೂ ಒಂದೇ ಚಿತ್ರ. ಬಣ್ಣ ಮಾತ್ರ ಬೇರೆ. ಯಂತ್ರದಲ್ಲಿ ಸ್ಥಳವು ಕಡಿಮೆಯಾಗಿದ್ದುದರಿಂದ ಮಾಡಿದವರು ಒಂದನ್ನೇ ಎರಡು ಕಡೆ ಬಳಸಿದರು. ಒಂದು ಸೀರೆಯಿಂದ ಮಗಳ ಲಂಗವನ್ನೂ ಬಾಗಿಲ ಪರದೆಯನ್ನೂ ಹೊಲಿಯುವ ತಾಯಂದಿರಿಗೆ ಈ ಜಾಣ್ಮೆಯನ್ನು ವಿವರಿಸಬೇಕಾಗಿಲ್ಲ.

ಮುಂದೆ ಕಂಪ್ಯೂಟರಿನಲ್ಲಿ ಪ್ರಿನ್ಸ್ ಆಫ್ ಪರ್ಷಿಯಾ ಎಂಬ ೧೯೮೯ರ ಆಟವನ್ನು ಕಂಡೆನು. ಅದರ ರಾಜಕುಮಾರನು ಓಡುವಾಗ, ಎಡವುವಾಗ, ಅಂಚನ್ನು ಹಿಡಿದು ತೂಗಾಡುವಾಗ ನಿಜವಾದ ಹುಡುಗನಂತೆಯೇ ತೋರುತ್ತಿದ್ದನು. ಜೋರ್ಡನ್ ಮೆಕ್ನರ್ ಎಂಬ ತರುಣನು ತನ್ನ ತಮ್ಮನನ್ನು ಓಡಿಸಿ, ನೆಗೆಯಿಸಿ, ಅದನ್ನು ಕ್ಯಾಮೆರಾದಲ್ಲಿ ಹಿಡಿದು, ಒಂದೊಂದು ಭಂಗಿಯನ್ನೂ ನೋಡಿ ಬರೆದು ಅದನ್ನು ರಚಿಸಿದ್ದನು. ಮಾಯೆಯೆಂದು ತೋರಿದುದರ ಹಿಂದೆ ತಿಂಗಳುಗಟ್ಟಲೆಯ ತಾಳ್ಮೆಯಿತ್ತು.

ಈಚೆಗೆ ನಮ್ಮ ಹತ್ತನೆಯ ತರಗತಿಯ ಬಾಲಿಕೆಯೊಬ್ಬಳು, “ಮಿಸ್, ನಮ್ಮಣ್ಣನ ಆಟದಲ್ಲಿ ಒಂದು ಜಲಪಾತ ಇದೆ, ಥೇಟ್ ನಮ್ಮ ಗಗನಚುಕ್ಕಿ ಹಾಗೇ” ಎಂದಳು. “ಹಾಗಾದರೆ ಎರಡಕ್ಕೂ ಏನು ವ್ಯತ್ಯಾಸ, ಸರಿಯಾಗಿ ನೋಡಿಕೊಂಡು ಬಾಮ್ಮ” ಎಂದು ಹೇಳಿ ಕಳುಹಿಸಿದೆನು. ವಾರದ ನಂತರ ಅವಳು ತಂದ ಉತ್ತರವು ನನ್ನನ್ನೇ ಬೆರಗುಗೊಳಿಸಿತು. ಆಟದ ನೀರಿನಲ್ಲಿ ಒಂದೇ ಚಿತ್ರದ ತುಂಡು ಮೇಲಿನಿಂದ ಕೆಳಕ್ಕೆ ಮತ್ತೆ ಮತ್ತೆ ಜಾರುತ್ತಿದೆ. ಗಗನಚುಕ್ಕಿಯಲ್ಲಿ ನೀರು ಬಂಡೆಗೆ ಬಡಿದು ಒಡೆಯುತ್ತದೆ, ಹೊಗೆಯಂತೆ ಮೇಲೇಳುತ್ತದೆ, ಒಮ್ಮೆ ಬಿದ್ದಂತೆ ಇನ್ನೊಮ್ಮೆ ಬೀಳುವುದಿಲ್ಲ ಎಂದಳು. ಹುಟ್ಟಿದಂದಿನಿಂದ ಕಂಡಿದ್ದ ಜಲಪಾತವನ್ನು ಅವಳು ಮೊದಲ ಸಾರಿ ನೋಡಿದ್ದು ಅಂದೇ ಎಂದು ನನಗೆ ತೋರಿತು.

ಈ ಚಿತ್ರಗಳ ರಹಸ್ಯವು ನಮ್ಮ ಹೊಲಿಗೆಯ ತರಗತಿಗೆ ಬಹಳ ಸಮೀಪದ್ದಾಗಿರುವುದು. ಪರದೆಯ ಮೇಲಿನ ಚಿತ್ರವೆಲ್ಲವೂ ಪಿಕ್ಸೆಲ್ ಎಂಬ ಪುಟ್ಟ ಚೌಕಗಳಿಂದಾದುದು. ಅಡ್ಡಲಾಗಿ ೧,೯೨೦, ಉದ್ದಕ್ಕೆ ೧,೦೮೦ ಚೌಕಗಳಿರುವ ಪರದೆಯಲ್ಲಿ ಒಟ್ಟು ೨೦,೭೩,೬೦೦ ಚೌಕಗಳಾದವು. ಪ್ರತಿಯೊಂದಕ್ಕೂ ಕೆಂಪು, ಹಸುರು, ನೀಲಿಗಳು ಎಷ್ಟೆಷ್ಟು ಬೇಕೆಂಬುದನ್ನು ಯಂತ್ರವು ಲೆಕ್ಕ ಹಾಕಿ, ಸೆಕೆಂಡಿಗೆ ೩೦ ಅಥವಾ ೬೦ ಸಾರಿ ಚಿತ್ರವನ್ನು ಹೊಸದಾಗಿ ಬರೆಯುತ್ತದೆ. ಎಳೆಗಳನ್ನು ಎಣಿಸಿ ಗೋಪುರವನ್ನೂ ತೇರನ್ನೂ ಮೂಡಿಸುವ ಧಾರವಾಡದ ಕಸೂತಿಗೂ ಇದಕ್ಕೂ ಮೂಲದಲ್ಲಿ ಭೇದವೇನು? ಸೂಸನ್ ಕೇರ್ ಎಂಬ ಅಮೆರಿಕದ ಮಹಿಳೆಯು ಆಪಲ್ ಸಂಸ್ಥೆಯ ಕಂಪ್ಯೂಟರಿಗಾಗಿ ೩೨ಕ್ಕೆ ೩೨ ಚೌಕಗಳಲ್ಲಿ ಪುಟ್ಟ ಚಿತ್ರಗಳನ್ನು ರಚಿಸಿದಾಗ, ಹಿಂದೆ ಮಾಡಿದ್ದ ಸೂಜಿಯ ಕೆಲಸವೇ ತನಗೆ ನೆರವಾಯಿತೆಂದು ಹೇಳಿದ್ದಾರೆ. ೧೯೯೦ರ ವಿಂಡೋಸ್‌ನೊಡನೆ ಬಂದ ಸಾಲಿಟೇರ್ ಆಟದ ಇಸ್ಪೀಟು ಎಲೆಗಳೂ ಅವರ ಕೈಯವೇ.

ಇವೆಲ್ಲ ಹೊರದೇಶದ ಮಾತೆಂದು ತಳ್ಳಿಹಾಕಬೇಡಿರಿ. ೧೯೯೭ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಸಂಸ್ಥೆಯ ಕಲಾವಿದರು ಫೋರ್ಜಾ ಎಂಬ ಪ್ರಸಿದ್ಧ ಮೋಟಾರು ಆಟಗಳಿಗೆ ಕಾರುಗಳನ್ನು ರಚಿಸಿಕೊಟ್ಟರು. ಪುಣೆಯ ಸಣ್ಣ ತಂಡವೊಂದು ೨೦೨೦ರಲ್ಲಿ ಹೊರತಂದ ರಾಜಿ ಎಂಬ ಆಟದಲ್ಲಿ ನಾಯಕಿಯೇ ಒಬ್ಬ ಬಾಲಿಕೆ. ಕಳೆದುಹೋದ ತಮ್ಮನನ್ನು ಹುಡುಕಿ ಹೊರಟವಳು. ಅದರ ಕಥೆಯ ಭಾಗಗಳನ್ನು ತೊಗಲುಗೊಂಬೆಯಾಟದ ರೀತಿಯಲ್ಲಿಯೇ ತೋರಿಸಿದ್ದಾರೆ. ಆ ತಂಡದ ಚಿತ್ರಕಲೆಯನ್ನು ನಿರ್ದೇಶಿಸಿದವರು ಶ್ರುತಿ ಘೋಷ್ ಎಂಬ ಮಹಿಳೆ.

ಅಪಾಯವಿಲ್ಲವೇ ಎಂದು ಕೇಳುವಿರಿ. ಉಂಟು. ಆಡುವವರನ್ನು ಏಳಗೊಡದಂತೆ ಕಟ್ಟಿಹಾಕುವ ಉಪಾಯಗಳು ಅನೇಕ ಆಟಗಳಲ್ಲಿವೆ. ಹಣವನ್ನು ಒಡ್ಡಿ ಆಡುವ ಆನ್‌ಲೈನ್ ಆಟಗಳು ಮನೆಗಳನ್ನು ಹಾಳುಮಾಡಿದ್ದರಿಂದಲೇ ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅವನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿತು. ಬ್ಲಫ್ ಎಂಬ ಇಂಗ್ಲಿಷ್ ಶಬ್ದಕ್ಕೆ ಕಡಿದಾದ ದಿಣ್ಣೆಯೆಂದೂ ಅರ್ಥವುಂಟು, ಎದುರಾಳಿಯನ್ನು ಮೋಸಗೊಳಿಸುವುದೆಂದೂ ಅರ್ಥವುಂಟು. ಪರದೆಯ ಚಿತ್ರವು ಎರಡನೆಯ ಬಗೆಯದು, ಇಲ್ಲದುದನ್ನು ಇದೆಯೆನ್ನಿಸುತ್ತದೆ. ಅದು ಹೇಗೆ ಆಯಿತೆಂದು ತಿಳಿದವಳು ಅದಕ್ಕೆ ಸುಲಭವಾಗಿ ಮರುಳಾಗಲಾರಳು. ಆದಕಾರಣ ಹೊತ್ತಿಗೆ ಮಿತಿಯಿಡಿರಿ, ಹಣದ ಆಟವನ್ನು ಮನೆಯೊಳಗೆ ಬಿಡಬೇಡಿರಿ. ಪ್ರಶ್ನೆಗೆ ಮಾತ್ರ ಮಿತಿಯಿಡಬೇಡಿರಿ.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ನಮ್ಮ ಎಷ್ಟೋ ಮನೆಗಳಲ್ಲಿ ಮೊಬೈಲು ಅಣ್ಣನ ಕೈಗೆ, ಗದರಿಕೆಯು ತಂಗಿಯ ಪಾಲಿಗೆ. ಅವನು ಆಡುತ್ತಾನೆ, ಅವಳು ಹಿಂದೆ ನಿಂತು ಇಣುಕಿ ನೋಡುತ್ತಾಳೆ. ಹತ್ತನೆಯ ತರಗತಿಯಾದ ಮೇಲೂ ಅದೇ ನಡೆಯುತ್ತದೆ: ಕಂಪ್ಯೂಟರು ಕಲಿಯಲು ಮೈಸೂರಿಗೋ ಬೆಂಗಳೂರಿಗೋ ಹೋಗುವವನು ಅವನು, ಚೆನ್ನಾಗಿ ಚಿತ್ರ ಬರೆಯುವವಳು ಅವಳಾಗಿದ್ದರೂ. ಹೀಗೆ ಜನ್ಮವಿಡೀ ಇಣುಕಿ ನೋಡುವವರನ್ನಾಗಿ ಮಾಡುವುದಕ್ಕೆ ನಾವು ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಲಿಲ್ಲ.

ಆದ್ದರಿಂದ ಪೋಷಕರಲ್ಲಿ ನನ್ನ ಬಿನ್ನಹವು ಇಷ್ಟೇ. ನಿಮ್ಮ ಮಗಳು “ಅಮ್ಮಾ, ಈ ಚಿತ್ರ ನೋಡು” ಎಂದಾಗ ಒಂದು ಗಳಿಗೆ ನೋಡಿರಿ. ಇದನ್ನು ಹೇಗೆ ಮಾಡಿದರೋ ಎಂದು ಅವಳನ್ನೇ ಕೇಳಿರಿ. ಒಂದು ಗ್ರಾಫ್ ಪುಸ್ತಕವನ್ನೂ ಬಣ್ಣದ ಸೀಸದಕಡ್ಡಿಗಳನ್ನೂ ತಂದುಕೊಡಿರಿ. ಕಂಪ್ಯೂಟರು ದೊರೆಯುವಲ್ಲಿ ಬ್ಲೆಂಡರ್ ಎಂಬ ಚಿತ್ರರಚನೆಯ ಸಾಧನವು ಹಣವಿಲ್ಲದೆಯೇ ದೊರೆಯುತ್ತದೆ. ಅವಳ ಕೈಯಲ್ಲಿ ಕಲೆಯಿರುವುದು ಕಂಡುಬಂದರೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನಂಥ ಕಡೆಗೆ ಕಳುಹಿಸಲು ಹಿಂಜರಿಯಬೇಡಿರಿ. ಕಂಪ್ಯೂಟರಿನ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ವರ್ಷಕ್ಕೆ ಒಂದು ಶನಿವಾರವಾದರೂ ಇಲ್ಲಿಗೆ ಬಂದು, ಪರದೆಯ ಹಿಂದಿನ ಕೆಲಸವನ್ನು ಈ ಬಾಲಿಕೆಯರಿಗೆ ತೋರಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಬರುವವರು ತಮ್ಮ ಹೆಸರನ್ನು ಶಾಲೆಯ ಕಚೇರಿಯಲ್ಲಿ ಬರೆಯಿಸಿದರೆ, ದಿನವನ್ನು ಗೊತ್ತುಮಾಡಿ ತಿಳಿಸುವೆವು.