ಕುರ್ಚಿಯಲ್ಲಿ ಹೊತ್ತದ್ದು ಸಾಕು!

ಮುಂಬಯಿಯ ಕನ್ನಡ ಬಂಧುಗಳೇ,

ಕಳೆದ ಮಂಗಳವಾರ ಕುರ್ಲಾದ ಲಿಫ್ಟಿಲ್ಲದ ಕಟ್ಟಡವೊಂದರ ನಾಲ್ಕನೇ ಮಾಳಿಗೆಯಿಂದ 81 ವರ್ಷದ ಅಜ್ಜನೊಬ್ಬರನ್ನು ಪ್ಲಾಸ್ಟಿಕ್ ಕುರ್ಚಿಗೆ ಪಂಚೆಯಿಂದ ಕಟ್ಟಿ ಇಳಿಸಿದೆವು. ಮಳೆಗೆ ಮೆಟ್ಟಿಲೆಲ್ಲ ಒದ್ದೆ. ಹೊತ್ತವರಲ್ಲಿ ಇದನ್ನು ಬರೆಯುತ್ತಿರುವ ನಾನೂ ಒಬ್ಬ. ಆಸ್ಪತ್ರೆಗೆ ಹೊರಟದ್ದಲ್ಲ, ಉಯಿಲಿಗೆ ನೋಟರಿಯ ಮುದ್ರೆ ಒತ್ತಿಸಲು! ಮನೆಗೆ ಬರಲು ಆ ನೋಟರಿ ಮಹಾಶಯರು ಕೇಳಿದ್ದು ಆರು ಸಾವಿರ. ಕೊನೆಗೆ ಕೋರ್ಟಿನ ಹೊರಗೆ, ರಿಕ್ಷಾದಲ್ಲಿ ಕೂತಲ್ಲೇ ಸಹಿ. ಕಾಗದ ಪೂರಾ ಇಂಗ್ಲಿಷು. ಹೋಟೆಲಿನ ಗಲ್ಲಾದಲ್ಲಿ ನಲವತ್ತು ವರ್ಷ ಕನ್ನಡದಲ್ಲಿ ಲೆಕ್ಕ ಬರೆದ ಆ ಮನುಷ್ಯ ತನ್ನ ಖೋಲಿ ಯಾರ ಪಾಲಾಯಿತೆಂದು ಓದಲಾರದೆ ಸಹಿ ಹಾಕಿದರು.

ಆ ಮುದ್ರೆ ಬೇಕಾಗಿಯೇ ಇರಲಿಲ್ಲ!

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಕೇಳುವುದು ಉಯಿಲು ಮಾಡಿದವರ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ. ನೋಟರಿಯ ಹೆಸರೇ ಅಲ್ಲಿಲ್ಲ. ಛಾಪಾ ಕಾಗದವೂ ಬೇಡ, ಬಿಳಿ ಹಾಳೆ ಸಾಕು. ಆದರೆ 2024ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರ ಸರ್ಕಾರ 100 ರೂಪಾಯಿಯ ಸ್ಟ್ಯಾಂಪನ್ನು 500ಕ್ಕೆ ಏರಿಸಿತಲ್ಲ, ಅದನ್ನೇ ಹೇಳಿ ಅಜ್ಜನಿಗೂ ಒಂದು 500ರ ಕಾಗದ ಮಾರಿದರು. ನೋಂದಣಿ ಕಡ್ಡಾಯವಲ್ಲ. ಬೇಕೆಂದರೂ, 1908ರ ನೋಂದಣಿ ಕಾಯ್ದೆಯ 31 ಮತ್ತು 38ನೇ ಕಲಂಗಳ ಪ್ರಕಾರ ನಡೆಯಲಾರದವರ ಮನೆಗೆ ಅಧಿಕಾರಿಯೇ ಬರಬಹುದು. ಕನ್ನಡದಲ್ಲಿ ಬರೆದ ಉಯಿಲನ್ನೂ ಅನುವಾದ ಲಗತ್ತಿಸಿ ನೋಂದಾಯಿಸಬಹುದು. ನೂರು ವರ್ಷ ಹಳೆಯ ಕಾನೂನಿಗೆ ಇರುವ ಕರುಣೆ ಕೋರ್ಟಿನ ಹೊರಗೆ ಕೊಡೆಯಡಿ ಮೇಜು ಹಾಕಿದ ನೋಟರಿಗಳಿಗೆ ಇಲ್ಲ.

ಪ್ರತಿಜ್ಞಾಪತ್ರದಂಥ ಕಾಗದಕ್ಕೆ ನೋಟರಿ ಬೇಕಾಗಬಹುದು, ಒಪ್ಪಿದೆ. ಪ್ರಾಮಾಣಿಕ ನೋಟರಿಗಳೂ ಇದ್ದಾರೆ, ಅವರಿಗೆ ಕೈಮುಗಿಯುತ್ತೇವೆ. ಆದರೆ 1956ರ ನೋಟರಿ ನಿಯಮಗಳು ಶುಲ್ಕಕ್ಕೆ ಮಿತಿ ಹಾಕಿವೆ. ದರಪಟ್ಟಿಯನ್ನು ಕಚೇರಿಯ ಒಳಗೂ ಹೊರಗೂ ತೂಗುಹಾಕಬೇಕು, ಪಡೆದ ಹಣಕ್ಕೆ ರಸೀದಿ ಕೊಡಬೇಕು ಎನ್ನುತ್ತವೆ. ಹೊರಗೆ ಹೋದರೆ ಕಿಲೋಮೀಟರ್ ಲೆಕ್ಕದ ಪ್ರಯಾಣಭತ್ಯೆಯೂ ಅಲ್ಲೇ ಇದೆ. ಆರು ಸಾವಿರಕ್ಕೆ ಎಷ್ಟು ಕಿಲೋಮೀಟರ್ ಸ್ವಾಮಿ? ಕುರ್ಲಾದಿಂದ ಕುಂದಾಪುರಕ್ಕೋ?

“ಸೊಸೈಟಿಯಲ್ಲಿ ನಾಮಿನಿ ಹೆಸರು ಕೊಟ್ಟಾಗಿದೆ, ಉಯಿಲು ಯಾಕೆ?” ಎನ್ನುವ ಬುದ್ಧಿವಂತರೇ, ನಾಮಿನಿ ಎಂದರೆ ಮಾಲೀಕನಲ್ಲ. ನಂಬಿಕೆ ಇಲ್ಲವೇ? ಅಣ್ಣತಮ್ಮಂದಿರು ಕೋರ್ಟಿಗೆ ಹೋಗುವ ತನಕ ಸುಖವಾಗಿ ನಿದ್ದೆ ಮಾಡಿ. “ಮನೆಬಾಗಿಲಿಗೆ ವಕೀಲರು, ಫೋನಿನಲ್ಲೇ ಬುಕ್ ಮಾಡಿ” ಎನ್ನುವವರು ಇನ್ನೊಂದು ಕಡೆ. ಆಹಾ! ಒಟಿಪಿ ಬಂದರೆ ಮೊಮ್ಮಗನನ್ನು ಕೂಗುವ ಅಜ್ಜಿ ಹಿಂದಿಯಲ್ಲಿ ಆಸ್ತಿ ವಿವರಿಸಬೇಕು, ಅಲ್ಲವೇ?

ಇನ್ನು ನಮ್ಮ ಸಂಘಗಳು. ಇದೇ ಊರಿನ ಫೋರ್ಟಿನಲ್ಲಿ ಒಂದು ಕಾಲಕ್ಕೆ ಹೋಟೆಲ್ ಹುಡುಗರಿಗೆಂದು ಕನ್ನಡ ರಾತ್ರಿ ಶಾಲೆ ನಡೆಸಿದವರು ನಮ್ಮವರೇ. ಆ ಹುಡುಗರೇ ಇಂದಿನ ಈ ಅಜ್ಜಂದಿರು. ಅವರಿಗೆ ಈಗ ನೀವು ಕೊಡುವುದೇನು? ಶಾಲು, ಹಣ್ಣಿನ ಬುಟ್ಟಿ, ಫೋಟೋ! ಸಮಿತಿಯಲ್ಲಿ ವಕೀಲರಿಗೆ ಬರವೇ? ವೇದಿಕೆ ಹತ್ತಲು ಬರುವ ಕಾಲು ನಾಲ್ಕು ಮಾಳಿಗೆ ಹತ್ತಲು ಬಾರದೇ? ಈ ಅಜ್ಜನ ಕೆಲಸಕ್ಕೆಂದು ಒಬ್ಬ ಪದಾಧಿಕಾರಿಯ ಬಳಿ ಹೋದರೆ, “ಅವರದ್ದೇ ಜಾತಿ ಸಂಘ ಉಂಟಲ್ಲ, ಅಲ್ಲಿ ಕೇಳಿ” ಎಂದರು. ಜಾತಿ ಸಂಘದವರು, “ಸದಸ್ಯತ್ವ ನವೀಕರಿಸಿಲ್ಲ” ಎಂದರು. ಕುರ್ಚಿ ಮಾತ್ರ ಯಾರನ್ನೂ ಜಾತಿ ಕೇಳಲಿಲ್ಲ.

ಅಜ್ಜ ಒಬ್ಬರೇ ಎಂದುಕೊಳ್ಳಬೇಡಿ. ಭಾಂಡೂಪ್, ಸಾಕಿನಾಕಾ, ಮಲಾಡಿನ ಹಳೇ ಕಟ್ಟಡಗಳಲ್ಲಿ ಮಂಡಿ ಸೋತ ನಮ್ಮ ಅಪ್ಪ, ಅಮ್ಮ, ದೊಡ್ಡಪ್ಪ ಇದ್ದಾರೆ. ನಾಳೆ ಆ ಕುರ್ಚಿಯಲ್ಲಿ ಅವರು. ನಾಡಿದ್ದು ನಾವು.

ಆಟಿ ತಿಂಗಳು ಕಳೆದರೆ ಸಂಘಗಳ ಮಹಾಸಭೆಗಳು ಬರುತ್ತವೆ. ಎದ್ದು ನಿಂತು ಕೇಳಿ: ವಕೀಲರು ಮನೆಗೆ ಬರಬೇಕು, ಹಿರಿಯರಿಗೆ ಅವರ ಭಾಷೆಯಲ್ಲಿ ಓದಿ ಹೇಳಬೇಕು. ಯಾರು, ಹೇಗೆ, ಖರ್ಚು ಎಷ್ಟು ಎಂಬುದನ್ನು ಆಮೇಲೆ ಕೂತು ನೋಡೋಣ. ಮೊದಲು ಹೂಂ ಅನ್ನಿಸಿ. ಲೆಕ್ಕಪತ್ರ ಓದಿ ಮುಗಿಸಿ ಊಟಕ್ಕೆ ಏಳಲು ಬಿಡಬೇಡಿ!

ಓದಿದ ಮೇಲೆ ಪಕ್ಕದ ಮನೆಗೆ ದಾಟಿಸಿ. ಅಂಬಡೆ ಕಟ್ಟಲು ಬಳಸಬೇಡಿ.

– ಕುರ್ಚಿ ಹೊತ್ತವರು